ಇಪ್ಪತ್ತೈದು ಅಡಿಯ ಬಾಡಿಗೆ ಮನೆ: ಅಲಾಸ್ಕಾದಲ್ಲಿ ಮೋಟರ್‌ಹೋಮ್ ಪಡೆದು ಹತ್ತು ದಿನ

ಅಲಾಸ್ಕಾದ ಆಂಕರೇಜ್ ನಗರದಲ್ಲಿ ಮೋಟರ್‌ಹೋಮ್ ಒಂದನ್ನು ಬಾಡಿಗೆಗೆ ಪಡೆದು, ಜೂನ್ ತಿಂಗಳಲ್ಲಿ ಹತ್ತು ದಿನ ಮನೆಮಂದಿಯೆಲ್ಲ ಅದರೊಳಗೇ ಉಂಡು, ಮಲಗಿ, ತಿರುಗಾಡಿ ಬಂದೆವು. ಬೆಂಗಳೂರಿಗೆ ಮರಳಿದ ಮೇಲೆ ನೆಂಟರಿಷ್ಟರು ಕೇಳುತ್ತಿರುವ ಪ್ರಶ್ನೆ ಒಂದೇ: ಕೊಟ್ಟ ದುಡ್ಡಿಗೆ ಸಾರ್ಥಕವಾಯಿತೆ? ಗಾಡಿ ಒಂದೇ ಕಡೆ ನಿಂತಿದ್ದ ದಿನಗಳಲ್ಲಿ ಪೂರ್ತಿ ಸಾರ್ಥಕವಾಯಿತು, ಅದನ್ನು ಓಡಿಸಿದ ದಿನಗಳಲ್ಲಿ ಅರ್ಧ ಮಾತ್ರ ಎಂಬುದು ನನ್ನ ಉತ್ತರ. ಓಡುವುದಕ್ಕೆಂದೇ ಕಟ್ಟಿದ ಗಾಡಿಯ ಬಗ್ಗೆ ಇದು ವಿಚಿತ್ರವಾದ ಮಾತಾಗಿ ಕೇಳಿಸಬಹುದಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಬಾಡಿಗೆ ಕೊಟ್ಟ ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಮಗೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಆ ಒಂದು ಕಂಪನಿಯವಲ್ಲ, ಈ ಬಗೆಯ ಗಾಡಿಗೇ ಅಂಟಿಕೊಂಡವು.

ನಾವು ಒಟ್ಟು ಐದು ಜನ: ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ ಮತ್ತು ಎಪ್ಪತ್ತು ದಾಟಿದ ನನ್ನ ಅಮ್ಮ. ಅಮ್ಮನಿಗೆ ಮಂಡಿ ನೋವು. ಡೇರೆಯಲ್ಲಿ ನೆಲದ ಮೇಲೆ ಮಲಗಿ ಏಳುವುದು ಅವರಿಂದ ಸಾಧ್ಯವಿರಲಿಲ್ಲ. ಮೊಟ್ಟೆಯನ್ನೂ ಮುಟ್ಟದ ಅವರನ್ನು ಹತ್ತು ದಿನ ಬ್ರೆಡ್ಡು ಮತ್ತು ಆಲೂಗಡ್ಡೆಯ ಮೇಲೆ ಸಾಗಹಾಕುವುದಕ್ಕೆ ನನಗೆ ಧೈರ್ಯವಾಗಲಿಲ್ಲ. ಕಾರು ಬಾಡಿಗೆಗೆ ಪಡೆದು ಹೋಟೆಲುಗಳಲ್ಲಿ ಉಳಿಯುವ ಲೆಕ್ಕವನ್ನೂ ಹಾಕಿ ನೋಡಿದೆವು. ಅಲ್ಲಿನ ಪ್ರವಾಸದ ಹಂಗಾಮು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಇರುವುದರಿಂದ, ವರ್ಷವಿಡೀ ಮಾಡಬೇಕಾದ ವ್ಯಾಪಾರವನ್ನು ಆ ನಾಲ್ಕು ತಿಂಗಳಿನಲ್ಲಿಯೇ ಮುಗಿಸಿಕೊಳ್ಳುವವರ ದರಗಳು ಅವು. ಎರಡು ಕೋಣೆ, ಮೂರು ಹೊತ್ತಿನ ಊಟ ಮತ್ತು ಕಾರಿನ ಬಾಡಿಗೆಯನ್ನು ಕೂಡಿಸಿದಾಗ ಮೋಟರ್‌ಹೋಮ್ ತುಸು ಅಗ್ಗವೆಂದೇ ಕಾಣಿಸಿತು. ಪೆಟ್ರೋಲಿನ ಲೆಕ್ಕವನ್ನು ಆಗ ನಾನು ಸರಿಯಾಗಿ ಹಾಕಿರಲಿಲ್ಲ.

ಬೆಂಗಳೂರಿನಲ್ಲಿ ಮುಗಿಸಿಕೊಳ್ಳಬೇಕಾದ ಕೆಲಸಗಳಲ್ಲಿ ಮುಖ್ಯವಾದದ್ದು ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಮ್ಮ ಆರ್‌ಟಿಓ ಕಚೇರಿಯಲ್ಲಿ ಪಾಸ್‌ಪೋರ್ಟ್, ವೀಸಾ ತೋರಿಸಿ ಅದನ್ನು ಪಡೆದೆ. ಅದು ಒಂದು ವರ್ಷ ಊರ್ಜಿತದಲ್ಲಿರುತ್ತದೆ, ಮೂಲ ಪರವಾನಗಿಯನ್ನೂ ಜೊತೆಯಲ್ಲಿಟ್ಟುಕೊಂಡಿರಬೇಕು. ಅದಕ್ಕಿಂತ ಹೆಚ್ಚು ಮುಂದಾಲೋಚನೆ ಬೇಡುವುದು ಡೆನಾಲಿ ರಾಷ್ಟ್ರೀಯ ಉದ್ಯಾನದೊಳಗಿನ ಕ್ಯಾಂಪಿನ ಜಾಗಗಳು. ನಾವು ಆರು ತಿಂಗಳು ಮೊದಲೇ ಕಾದಿರಿಸಿದ್ದೆವು. ಗಾಡಿ ಸಿಕ್ಕಿತೆಂದು ಹಿಗ್ಗಿ, ಅದನ್ನು ನಿಲ್ಲಿಸುವ ಜಾಗವನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುವವರು ಹೆದ್ದಾರಿಯ ಬದಿಯ ಖಾಸಗಿ ಮೈದಾನಗಳಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಹಾಗೆ ಮಾಡುವುದಾದರೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ.

ನಮ್ಮ ಗಡಿಯಾರಕ್ಕೂ ಅಲ್ಲಿನದಕ್ಕೂ ಬೇಸಿಗೆಯಲ್ಲಿ ಹದಿಮೂರೂವರೆ ಗಂಟೆಗಳ ವ್ಯತ್ಯಾಸವಿರುವುದರಿಂದ ಆಂಕರೇಜಿನಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಗಾಡಿಯನ್ನು ಪಡೆದೆವು. ಫೋರ್ಡ್ ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ, ಇಪ್ಪತ್ತೈದು ಅಡಿ ಉದ್ದದ ಗಾಡಿ ಅದು. ಚಾಲಕನ ತಲೆಯ ಮೇಲೊಂದು ಅಟ್ಟದಂಥ ಹಾಸಿಗೆ, ಹಿಂಬದಿಯಲ್ಲೊಂದು ಮಂಚ, ಮಡಚಿದರೆ ಹಾಸಿಗೆಯಾಗುವ ಊಟದ ಮೇಜು, ಮೂರು ಉರಿಗಳ ಗ್ಯಾಸ್ ಒಲೆ, ಫ್ರಿಜ್ಜು, ಸಿಂಕು, ಒಬ್ಬರು ನಿಲ್ಲುವಷ್ಟು ಸ್ನಾನದ ಮೂಲೆ ಮತ್ತು ಪಾಯಖಾನೆ. ಕಂಪನಿಯ ಹುಡುಗನೊಬ್ಬ ಒಂದು ಗಂಟೆ ಕಾಲ ಸುತ್ತಾಡಿಸಿ ಎಲ್ಲವನ್ನೂ ವಿವರಿಸಿದ. ಆತನ ತಾಳ್ಮೆಗೆ ಪೂರ್ಣ ಅಂಕ ಕೊಡಬಹುದು. ಕುಡಿಯುವ ನೀರಿನ ಟ್ಯಾಂಕು, ಪಾತ್ರೆ ತೊಳೆದ ನೀರಿನ ಟ್ಯಾಂಕು, ಪಾಯಖಾನೆಯ ಟ್ಯಾಂಕು ಎಂದು ಮೂರನ್ನೂ ತೋರಿಸಿ, ಕೊನೆಯ ಎರಡನ್ನು ನಾವೇ ಖಾಲಿ ಮಾಡಬೇಕೆಂದು ಹೇಳಿದಾಗ ಅಮ್ಮ ನನ್ನ ಕಡೆ ತಿರುಗಿ, "ಏನೋ ಇದು, ನಮ್ಮ ಕಕ್ಕಸನ್ನ ನಾವೇ ಹೊತ್ಕೊಂಡು ಊರೂರು ತಿರುಗೋದಾ? ಅದೂ ಒಲೆ ಪಕ್ಕದಲ್ಲೇ?" ಎಂದರು. ಒಲೆಗೂ ಪಾಯಖಾನೆಯ ಬಾಗಿಲಿಗೂ ನಡುವೆ ಎರಡು ಮೊಳದ ಅಂತರವೂ ಇರಲಿಲ್ಲ. ಹತ್ತು ದಿನವೂ ಅವರು ಹಗಲಿನಲ್ಲಿ ಕ್ಯಾಂಪಿನ ಸಾರ್ವಜನಿಕ ಶೌಚಾಲಯಕ್ಕೆ ನಡೆದುಕೊಂಡೇ ಹೋದರು. ರಾತ್ರಿಯ ಚಳಿಯಲ್ಲಿ ಮಾತ್ರ ಶಾಸ್ತ್ರವನ್ನು ಸ್ವಲ್ಪ ಸಡಿಲಿಸಿದರು. ಮಡಿಯ ಯೋಚನೆಯುಳ್ಳ ಹಿರಿಯರನ್ನು ಕರೆದೊಯ್ಯುವವರು ಈ ಸಂಗತಿಯನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು.

ಅಡುಗೆಮನೆಯ ಬಗ್ಗೆ ಎರಡು ಮಾತು. ಬೆಂಗಳೂರಿನಿಂದ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ ಮತ್ತು ಮೂರು ಲೀಟರಿನ ಪ್ರೆಷರ್ ಕುಕ್ಕರನ್ನು ಒಯ್ದಿದ್ದೆವು. ಅಕ್ಕಿ, ಬೇಳೆ, ಮೊಸರು, ತರಕಾರಿ ಆಂಕರೇಜಿನಲ್ಲಿಯೇ ಸಿಕ್ಕಿದವು. ವಿದ್ಯುತ್ ಅನ್ನದ ಕುಕ್ಕರನ್ನು ಒಯ್ಯದಿದ್ದದ್ದು ಒಳ್ಳೆಯದೇ ಆಯಿತು, ಏಕೆಂದರೆ ಉದ್ಯಾನದೊಳಗಿನ ಕ್ಯಾಂಪುಗಳಲ್ಲಿ ಗಾಡಿಗೆ ವಿದ್ಯುತ್ ಸಂಪರ್ಕವಿರುವುದಿಲ್ಲ, ಜನರೇಟರನ್ನು ಬೆಳಗ್ಗೆ ಮತ್ತು ಸಂಜೆ ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ ಓಡಿಸಬಹುದು. ಗ್ಯಾಸಿನ ಒಲೆ ಚೆನ್ನಾಗಿ ಉರಿಯುತ್ತದೆ. ಆದರೆ ಗಾಡಿಯ ವಿನ್ಯಾಸಕರು ಒಗ್ಗರಣೆಯನ್ನು ಕಲ್ಪಿಸಿಕೊಂಡಿಲ್ಲ. ಮೊದಲ ಸಂಜೆ ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಬಣ್ಣ ತಿರುಗುವ ಹೊತ್ತಿಗೆ ಹೊಗೆಯ ಅಲಾರಾಂ ಕಿರುಚತೊಡಗಿತು. ಐವರೂ ಕೆಮ್ಮುತ್ತ ಹೊರಗೆ ಬಂದು ನಿಂತೆವು. ಆಮೇಲೆ ಚಾವಣಿಯ ಫ್ಯಾನನ್ನು ಮೊದಲು ಓಡಿಸಿ, ಬಾಗಿಲು ಕಿಟಕಿಗಳನ್ನು ತೆರೆದು ಒಗ್ಗರಣೆ ಹಾಕುವುದನ್ನು ನನ್ನ ಹೆಂಡತಿ ರೂಢಿಸಿಕೊಂಡಳು. ಬಾಗಿಲು ತೆರೆದರೆ ಸೊಳ್ಳೆಗಳು ಬರುತ್ತವೆ. ಜೂನಿನ ಅಲಾಸ್ಕಾದ ಸೊಳ್ಳೆಗಳ ಮುಂದೆ ನಮ್ಮ ಕೆರೆಯಂಗಳದ ಬಡಾವಣೆಗಳವು ಸಾಧುಗಳು.

ಆಂಕರೇಜಿನಿಂದ ಡೆನಾಲಿ ಉದ್ಯಾನದ ದ್ವಾರಕ್ಕೆ ಪಾರ್ಕ್ಸ್ ಹೆದ್ದಾರಿಯಲ್ಲಿ ಸುಮಾರು 380 ಕಿಲೋಮೀಟರ್. ರಸ್ತೆ ಉದ್ದಕ್ಕೂ ಡಾಂಬರಿನದು, ಸಂಚಾರ ವಿರಳ. ಎಡಗಡೆ ಸ್ಟಿಯರಿಂಗ್, ಬಲಬದಿಯ ಚಾಲನೆಗೆ ಅರ್ಧ ದಿನದಲ್ಲಿ ಒಗ್ಗಿಕೊಂಡೆ. ಒಗ್ಗದೇ ಉಳಿದದ್ದು ಗಾಡಿಯ ಗಾತ್ರ. ಎದುರಿನಿಂದ ದೊಡ್ಡ ಲಾರಿ ಹಾದುಹೋದರೆ ನಮ್ಮ ಗಾಡಿ ಗಾಳಿಯ ಹೊಡೆತಕ್ಕೆ ಒಂದು ಪಕ್ಕಕ್ಕೆ ಸರಿಯುತ್ತಿತ್ತು. ಕಪಾಟಿನೊಳಗಿನ ಪಾತ್ರೆಗಳು ಉದ್ದಕ್ಕೂ ಸಂಗೀತ ಕಚೇರಿ ನಡೆಸುತ್ತಿದ್ದವು. ಟಾಲ್ಕೀಟ್ನಾ ಎಂಬ ಪುಟ್ಟ ಊರು ಚೆನ್ನಾಗಿದೆಯೆಂದು ಕೇಳಿ ಹೆದ್ದಾರಿಯಿಂದ ಹದಿನಾಲ್ಕು ಮೈಲಿ ಒಳಕ್ಕೆ ಹೋದೆವು. ಅಲ್ಲಿ ನಿಲ್ಲಿಸುವ ಜಾಗ ಹುಡುಕುತ್ತ ಮೂರು ಸುತ್ತು ಹಾಕಿ, ಯಾರೂ ಕೆಳಗಿಳಿಯದೆಯೇ ಹಿಂದಿರುಗಿದೆವು. ರಸ್ತೆಯಂಚಿನ ಜೌಗಿನಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯೊಂದು ಮರಿಯೊಡನೆ ನಿಂತಿದ್ದದ್ದನ್ನು ಮಗಳು ತೋರಿಸಿದಾಗಲೂ ಹಾಗೆಯೇ ಆಯಿತು: ಕಾರಿನವರು ಪಕ್ಕಕ್ಕೆ ಸರಿದು ನೋಡುತ್ತಿದ್ದರು, ನಾನು ನಿಲ್ಲಿಸುವಷ್ಟು ಅಗಲದ ಜಾಗ ಕಾಣುವ ಹೊತ್ತಿಗೆ ಎರಡು ಕಿಲೋಮೀಟರ್ ಮುಂದೆ ಬಂದಿದ್ದೆ. ಇನ್ನು ಪೆಟ್ರೋಲು: ಗ್ಯಾಲನ್ನಿಗೆ ಒಂಬತ್ತು ಮೈಲಿ ಸಿಕ್ಕಿತು, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರಿಗಿಂತಲೂ ಕಡಿಮೆ. ಬಾಡಿಗೆಯೊಳಗೆ ದಿನಕ್ಕಿಷ್ಟು ಮೈಲಿ ಎಂಬ ಮಿತಿಯೂ ಇದ್ದು, ಮೀರಿದ ಪ್ರತಿ ಮೈಲಿಗೂ ಪ್ರತ್ಯೇಕ ದರವಿತ್ತು.

ಕರಾರುಪತ್ರವನ್ನು ಓದದೆ ಸಹಿ ಹಾಕಬಾರದೆಂಬ ಮಾತು ಇಲ್ಲಿ ಹೆಚ್ಚು ಅನ್ವಯಿಸುತ್ತದೆ. ನಮ್ಮ ಕರಾರಿನಲ್ಲಿ ಜಲ್ಲಿರಸ್ತೆಗಳೆಲ್ಲ ನಿಷಿದ್ಧ. ಪ್ಯಾಕ್ಸನ್‌ನಿಂದ ಕ್ಯಾಂಟ್ವೆಲ್‌ವರೆಗಿನ 135 ಮೈಲಿಗಳ ಡೆನಾಲಿ ಹೆದ್ದಾರಿಯ ಬಹುಭಾಗ ಜಲ್ಲಿಯದು. ಆ ದಾರಿಯಲ್ಲಿ ಹೋಗಬೇಕೆಂಬ ನನ್ನ ಆಸೆ ಅಲ್ಲಿಗೇ ಮುಗಿಯಿತು. ಮನೆಯನ್ನೇ ಕಟ್ಟಿಕೊಂಡು ಕಾಡಿಗೆ ಹೊರಟವನಿಗೆ, ಆ ಮನೆಯಿಂದಾಗಿಯೇ ಕಾಡಿನ ಅರ್ಧ ದಾರಿಗಳು ಮುಚ್ಚಿಕೊಳ್ಳುತ್ತವೆ.

ಇಷ್ಟೆಲ್ಲ ಗೊಣಗಿದ ಮೇಲೆ, ಈ ಗಾಡಿ ತನ್ನ ಬೆಲೆಯನ್ನು ತೀರಿಸಿದ ಜಾಗಕ್ಕೆ ಬರುತ್ತೇನೆ. ಡೆನಾಲಿ ಉದ್ಯಾನದೊಳಗೆ ಇರುವುದು ಒಂದೇ ರಸ್ತೆ, 92 ಮೈಲಿಗಳದು. ಅದರ ಮೊದಲ 15 ಮೈಲಿಗಳವರೆಗೆ ಮಾತ್ರ ಖಾಸಗಿ ವಾಹನಗಳು ಹೋಗಬಹುದು. ಮುಂದಕ್ಕೆ ಉದ್ಯಾನದ ಬಸ್ಸುಗಳೇ ಗತಿ. ಇದಕ್ಕೊಂದು ವಿನಾಯಿತಿಯಿದೆ. 29ನೇ ಮೈಲಿಯ ಟೆಕ್ಲಾನಿಕಾ ಕ್ಯಾಂಪಿನಲ್ಲಿ ಕನಿಷ್ಠ ಮೂರು ರಾತ್ರಿ ಉಳಿಯುವುದಾದರೆ ಸ್ವಂತ ಗಾಡಿಯನ್ನು ಅಲ್ಲಿಯವರೆಗೆ ಒಯ್ಯಬಹುದು, ಆದರೆ ಒಮ್ಮೆ ಹೋಗಿ ನಿಲ್ಲಿಸಿದರೆ ಹೊರಡುವ ದಿನದವರೆಗೂ ಅದನ್ನು ಕದಲಿಸುವಂತಿಲ್ಲ. ಕಾಡಿನ ರಸ್ತೆಯಲ್ಲಿ ವಾಹನಗಳ ಸಂಖ್ಯೆಯನ್ನು ಹಿಡಿತದಲ್ಲಿಡಲು ಮಾಡಿದ ನಿಯಮವಿದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿಷೇಧಿಸಿದ್ದರ ಬಗ್ಗೆ ನಮ್ಮಲ್ಲಿ ಇಂದಿಗೂ ನಡೆಯುತ್ತಿರುವ ಜಗ್ಗಾಟವನ್ನು ನೆನೆದರೆ, ಹಗಲಿನಲ್ಲಿಯೂ ಖಾಸಗಿ ವಾಹನವನ್ನು ಹೊರಗಿಟ್ಟ ಈ ಕಟ್ಟುನಿಟ್ಟು ನನಗೆ ಅಸೂಯೆ ಹುಟ್ಟಿಸಿತು.

ಟೆಕ್ಲಾನಿಕಾದಲ್ಲಿ ಗಾಡಿಯನ್ನು ಸ್ಪ್ರೂಸ್ ಮರಗಳ ನಡುವೆ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ, ಅದುವರೆಗೆ ಕಿರಿಕಿರಿಯಾಗಿದ್ದ ಅದರ ಗುಣಗಳೆಲ್ಲ ವರವಾದವು. ಅಲ್ಲಿ ಅಂಗಡಿಯಿಲ್ಲ, ಹೋಟೆಲಿಲ್ಲ, ಮೊಬೈಲ್ ಸಂಪರ್ಕವಿಲ್ಲ; ನಮ್ಮಲ್ಲಿ ಮಾತ್ರ ಬಿಸಿ ಸಾರು, ಒಣಗಿದ ಹಾಸಿಗೆ ಮತ್ತು ಹೀಟರು ಇದ್ದವು. ಜೂನಿನಲ್ಲಿ ಅಲ್ಲಿ ದಿನಕ್ಕೆ 20 ಗಂಟೆಗೂ ಹೆಚ್ಚು ಬೆಳಕು. ಡೇರೆಯವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರೆ, ನಾವು ಕಿಟಕಿಯ ದಪ್ಪ ಪರದೆಗಳನ್ನು ಎಳೆದುಕೊಂಡು ಮಕ್ಕಳಿಗೆ ರಾತ್ರಿಯನ್ನು ಮಾಡಿಕೊಡುತ್ತಿದ್ದೆವು. ಅಮ್ಮ ಬೆಳಗ್ಗೆ ಕಾಫಿಯ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತರೆ ನದಿಯ ಸದ್ದು ಕೇಳಿಸುತ್ತಿತ್ತು. ಕುಕ್ಕರಿನ ಮೊದಲ ಸೀಟಿಗೆ ಪಕ್ಕದ ಕ್ಯಾಂಪಿನ ಅಜ್ಜ ಬೆಚ್ಚಿ ಎದ್ದುನಿಂತದ್ದನ್ನು ನೋಡಿದ ಮೇಲೆ, ಮಿಕ್ಕ ದಿನಗಳಲ್ಲಿ ಉರಿಯನ್ನು ಸಣ್ಣದಾಗಿಸಿ, ಸೀಟಿ ಕೂಗುವ ಮೊದಲೇ ಕೆಳಗಿಳಿಸಿದೆವು.

ಕರಡಿಗಳ ದೇಶದಲ್ಲಿ ಗಟ್ಟಿ ಗೋಡೆಯ ಅಡುಗೆಮನೆಯ ಬೆಲೆ ಬೇರೆಯೇ. ಆಹಾರ, ಪಾತ್ರೆ, ಒಲೆ, ಸೋಪು, ಟೂತ್‌ಪೇಸ್ಟು, ಒಟ್ಟಿನಲ್ಲಿ ವಾಸನೆಯುಳ್ಳ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಡೇರೆಯವರು ಪ್ರತಿ ಸಲವೂ ಎಲ್ಲವನ್ನೂ ಕಬ್ಬಿಣದ ಪೆಟ್ಟಿಗೆಗೆ ಹೊತ್ತೊಯ್ದು ಇಟ್ಟು ಬರಬೇಕು. ನಾವು ಬಾಗಿಲು ಹಾಕಿಕೊಂಡರೆ ಸಾಕಿತ್ತು. ಮನುಷ್ಯರ ಆಹಾರದ ರುಚಿ ಕಂಡ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ ಎಂದು ರೇಂಜರ್ ವಿವರಿಸಿದ ಮೇಲೆ, ನನ್ನ ಮಗ ನೆಲಕ್ಕೆ ಬಿದ್ದ ಒಂದೊಂದು ಅವಲಕ್ಕಿಯನ್ನೂ ಆರಿಸತೊಡಗಿದ. ಕರಡಿಯಿಂದ 275 ಮೀಟರಿನಷ್ಟು ದೂರದಲ್ಲಿರಬೇಕು, ಮೂಸ್ ಮೊದಲಾದವುಗಳಿಂದ 23 ಮೀಟರ್. ಕರಡಿಯನ್ನು ಹಿಮ್ಮೆಟ್ಟಿಸುವ ಸ್ಪ್ರೇಯಲ್ಲಿರುವುದು ಮೆಣಸಿನಕಾಯಿಯ ಸತ್ವವೇ. "ಬ್ಯಾಡಗಿದಾ ಅಪ್ಪಾ?" ಎಂದು ಮಗಳು ಕೇಳಿದಳು, ಬ್ಯಾಡಗಿಯದಾದರೆ ಕರಡಿ ಬಣ್ಣ ನೋಡಿ ಮೆಚ್ಚಿಕೊಂಡೀತೇ ಹೊರತು ಓಡಲಾರದು, ಇದಕ್ಕೆ ಗುಂಟೂರಿನ ಖಾರವೂ ಸಾಲದು ಎಂದೆ. ಈ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಹಿಂದಿನ ಗಿರಾಕಿಗಳು ಬಿಟ್ಟುಹೋದ ಡಬ್ಬಿಗಳನ್ನು ಬಾಡಿಗೆ ಕಚೇರಿಯವರು ಒಂದು ಕಪಾಟಿನಲ್ಲಿಟ್ಟು, ಬೇಕಾದವರಿಗೆ ಉಚಿತವಾಗಿ ಕೊಡುತ್ತಿದ್ದರು. ಈ ಒಂದು ಏರ್ಪಾಟಿಗಾಗಿ ಅವರನ್ನು ಮನಸಾರೆ ಹೊಗಳುತ್ತೇನೆ.

ಟೆಕ್ಲಾನಿಕಾದಲ್ಲಿ ಉಳಿಯುವವರು ಒಂದು ಸಲ ಬಸ್ಸಿನ ಟಿಕೆಟ್ ಪಡೆದರೆ, ಜಾಗವಿರುವ ಬಸ್ಸುಗಳಲ್ಲಿ ಅಲ್ಲಿರುವಷ್ಟು ದಿನವೂ ಒಳಭಾಗಕ್ಕೆ ಓಡಾಡಬಹುದು. 2021ರ ಆಗಸ್ಟಿನಲ್ಲಿ ಪ್ರೆಟಿ ರಾಕ್ಸ್ ಎಂಬಲ್ಲಿ, ನೆಲದೊಳಗೆ ಹೆಪ್ಪುಗಟ್ಟಿದ್ದ ಮಂಜು ಕರಗಿ ಬೆಟ್ಟದ ಮಗ್ಗುಲು ರಸ್ತೆಯ ಸಮೇತ ಜಾರತೊಡಗಿದ್ದರಿಂದ ಅಲ್ಲಿಂದ ಮುಂದಿನ ರಸ್ತೆಯನ್ನು ಮುಚ್ಚಿದ್ದರು. ನಾವು ಹೋದಾಗ ಬಸ್ಸುಗಳು 43ನೇ ಮೈಲಿಯಿಂದಲೇ ಹಿಂದಿರುಗುತ್ತಿದ್ದವು. ಬಸ್ಸು ಹಳೆಯ ಶಾಲಾ ವಾಹನದಂಥದು, ಸೀಟು ಗಟ್ಟಿ, ಧೂಳು ಸಾಕಷ್ಟು. ಆದರೆ ಪ್ರಾಣಿ ಕಂಡವರು ಯಾರೇ ಆಗಲಿ ಕೂಗಿದರೆ ಚಾಲಕ ನಿಲ್ಲಿಸುತ್ತಾನೆ. ಮೊದಲ ದಿನ ಸೇಬಲ್ ಕಣಿವೆದಾರಿಯಲ್ಲಿ ತಾಯಿ ಗ್ರಿಜ್ಲಿ ಕರಡಿಯೊಂದು ಎರಡು ಮರಿಗಳೊಡನೆ ಇಳಿಜಾರಿನಲ್ಲಿ ಬೇರು ಅಗೆಯುತ್ತಿದ್ದದ್ದನ್ನು ಇಪ್ಪತ್ತು ನಿಮಿಷ ನೋಡಿದೆವು. ಕ್ಯಾರಿಬೂ ಎಂಬ ಹಿಮಸಾರಂಗಗಳು ನದಿಯ ಮರಳಿನ ಮೇಲೆ ಸಾಲಾಗಿ ಹೋಗುತ್ತಿದ್ದವು. ಬಂಡೆಗಳ ತುದಿಯಲ್ಲಿ ಸುಣ್ಣದ ಚುಕ್ಕೆಗಳಂತೆ ಕಾಣುತ್ತಿದ್ದದ್ದು ಡಾಲ್ ಎಂಬ ಕಾಡುಕುರಿಗಳು. 1917ರಲ್ಲಿ ಈ ಉದ್ಯಾನವನ್ನು ಸ್ಥಾಪಿಸಿದ್ದೇ ಈ ಕುರಿಗಳನ್ನು ಬೇಟೆಯಿಂದ ಉಳಿಸುವ ಸಲುವಾಗಿ. ನಿಸರ್ಗತಜ್ಞ ಚಾರ್ಲ್ಸ್ ಶೆಲ್ಡನ್ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ಹುಲಿಗಾಗಿ ಕಾಡನ್ನು ಕಾಯುವುದನ್ನು ಕಂಡ ನಮಗೆ, ಕುರಿಗಾಗಿ ಒಂದು ರಾಷ್ಟ್ರೀಯ ಉದ್ಯಾನ ಹುಟ್ಟಿತೆಂಬುದು ಹೊಸ ಸಂಗತಿ.

ನಾಗರಹೊಳೆ, ಬಂಡೀಪುರದ ಸಫಾರಿಯಲ್ಲಿ ವಾಹನದಿಂದ ಕಾಲು ಕೆಳಗಿಡುವಂತಿಲ್ಲ. ಇಲ್ಲಿ ಪ್ರಾಣಿಗಳಿಲ್ಲದ ಎಡೆಯಲ್ಲಿ ಬಸ್ಸಿನಿಂದ ಇಳಿದು ದಾರಿಯೇ ಇಲ್ಲದ ಬಯಲಿನಲ್ಲಿ ನಡೆದುಹೋಗಿ, ಮುಂದಿನ ಬಸ್ಸಿಗೆ ಕೈ ತೋರಿಸಿ ಹತ್ತಿಕೊಳ್ಳಬಹುದು. ಸೇಬಲ್ ಕಣಿವೆದಾರಿಯಂಥ ಕೆಲವು ಭಾಗಗಳನ್ನು ಮಾತ್ರ ಕರಡಿಗಳಿಗೆಂದೇ ಬಿಟ್ಟಿದ್ದಾರೆ. ಎರಡನೆಯ ದಿನ ನಾವು ಹಾಗೆ ಇಳಿದು, ಮಕ್ಕಳು ಜೋರಾಗಿ ಮಾತಾಡುತ್ತ, ಮೊಣಕಾಲೆತ್ತರದ ವಿಲ್ಲೋ ಪೊದೆಗಳ ನಡುವೆ ಎರಡು ಗಂಟೆ ನಡೆದೆವು. ಅಮ್ಮ ಬಸ್ಸಿನಲ್ಲೇ ಉಳಿದು, ಚಾಲಕಿಯ ಪಕ್ಕದ ಸೀಟಿನಲ್ಲಿ ಕೂತು ಕ್ಯಾಂಪಿಗೆ ವಾಪಸಾದರು. ಮೂರನೆಯ ದಿನ ಮಳೆ. ಇಡೀ ದಿನ ಗಾಡಿಯೊಳಗೆ ಕೂತು ಚೌಕಾಬಾರ ಆಡಿದೆವು. ಹೋಟೆಲಾಗಿದ್ದರೆ ದಿನ ಹಾಳಾಯಿತೆಂದು ಪರಿತಪಿಸುತ್ತಿದ್ದೆ. ಇಲ್ಲಿ ಮಧ್ಯಾಹ್ನ ಮೂರಕ್ಕೆ ಕಿಟಕಿಯ ಹೊರಗೆ, ಹತ್ತು ಮಾರು ದೂರದಲ್ಲಿ, ಮೂಸ್ ಒಂದು ಚಿಗುರು ಮೇಯುತ್ತ ನಿಂತಿತ್ತು.

ನಾಲ್ಕನೆಯ ಬೆಳಗ್ಗೆ ದ್ವಾರಕ್ಕೆ ಮರಳಿ, ರೈಲಿ ಕ್ರೀಕ್ ಕ್ಯಾಂಪಿನ ಡಂಪ್ ಸ್ಟೇಷನ್ನಿನಲ್ಲಿ ಟ್ಯಾಂಕುಗಳನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೈಗವಸು ಹಾಕಿಕೊಳ್ಳಿ, ಕೊಳವೆಯನ್ನು ತಿರುಗಿಸಿ ಭದ್ರಪಡಿಸಿ, ಮೊದಲು ಪಾಯಖಾನೆಯ ಟ್ಯಾಂಕನ್ನೂ ಆಮೇಲೆ ಪಾತ್ರೆ ನೀರಿನ ಟ್ಯಾಂಕನ್ನೂ ತೆರೆಯಿರಿ. ಎರಡನೆಯದರ ನೀರು ಕೊಳವೆಯನ್ನು ತೊಳೆಯುತ್ತದೆ. ಹತ್ತು ನಿಮಿಷದ ಕೆಲಸ, ಹೇಳಿಕೊಳ್ಳುವಷ್ಟು ಕಷ್ಟವಿಲ್ಲ. ಅಮ್ಮ ಮಾತ್ರ ನಾನು ಸ್ನಾನ ಮಾಡಿ ಬರುವವರೆಗೂ ನನಗೆ ತಿಂಡಿ ಬಡಿಸಲು ಒಪ್ಪಲಿಲ್ಲ.

ಆ ಸ್ನಾನಕ್ಕೆ ಬಿಸಿನೀರು ಇರಲಿಲ್ಲ. ಎರಡನೆಯ ರಾತ್ರಿಯಿಂದಲೇ ನೀರು ಕಾಯಿಸುವ ಯಂತ್ರ ಹೊತ್ತಿಕೊಳ್ಳುತ್ತಿರಲಿಲ್ಲ. ಕ್ಯಾಂಪಿನಲ್ಲಿ ದೂರವಾಣಿ ಇಲ್ಲದ್ದರಿಂದ ಒಲೆಯ ಮೇಲೆ ಕಾಯಿಸಿಕೊಂಡು ನಿಭಾಯಿಸಿದ್ದೆವು. ಹೆದ್ದಾರಿಗೆ ಬಂದು ಕಂಪನಿಗೆ ಕರೆ ಮಾಡಿದರೆ, ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಫ್ಯೂಸ್ ಒಂದನ್ನು ಬದಲಿಸಲು ಹೇಳಿದರು. ಬದಲಿಸಿದೆ, ಹೊತ್ತಿಕೊಂಡಿತು. ಇದನ್ನು ಗಾಡಿ ಒಪ್ಪಿಸುವಾಗ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ಮೂರು ದಿನ ಬಕೆಟ್ ಸ್ನಾನ ತಪ್ಪುತ್ತಿತ್ತು.

ಹಿಂದಿರುಗುವ ದಾರಿಯಲ್ಲಿ, ಪಾರ್ಕ್ಸ್ ಹೆದ್ದಾರಿಯ 135ನೇ ಮೈಲಿಯ ನೋಟದ ತಾಣದಲ್ಲಿ, 6,190 ಮೀಟರ್ ಎತ್ತರದ ಡೆನಾಲಿ ಪರ್ವತ ಕೊನೆಗೂ ಮೋಡದಿಂದ ಹೊರಬಂತು. ಬಂದವರಲ್ಲಿ ಮೂವರಲ್ಲೊಬ್ಬರಿಗಷ್ಟೇ ಅದರ ದರ್ಶನವಾಗುತ್ತದೆಂದು ಅಲ್ಲಿನವರು ಹೇಳುತ್ತಾರೆ. ದೊಡ್ಡ ಗಾಡಿಗಳಿಗೂ ನಿಲ್ಲಲು ಜಾಗವಿರುವ ತಾಣ ಅದೆಂಬುದನ್ನು ಕೃತಜ್ಞತೆಯಿಂದ ಗುರುತಿಸುತ್ತೇನೆ.

ಉಳಿದ ದಿನಗಳನ್ನು ದಕ್ಷಿಣಕ್ಕೆ, ಆಂಕರೇಜಿನಿಂದ 127 ಮೈಲಿ ದೂರದ ಸೀವರ್ಡ್ ಊರಿಗೆ ಮೀಸಲಿಟ್ಟಿದ್ದೆವು. ಕಡಲ ತೋಳಿನ ಅಂಚಿನಲ್ಲಿ ಸಾಗುವ ಆ ರಸ್ತೆ ಸುಂದರವಾದದ್ದು. 1964ರ ಮಾರ್ಚ್ 27ರ 9.2 ತೀವ್ರತೆಯ ಭೂಕಂಪದಲ್ಲಿ ನೆಲ ಕುಸಿದು, ಉಪ್ಪುನೀರು ನುಗ್ಗಿ ಸತ್ತ ಮರಗಳು ಪೋರ್ಟೇಜ್ ಬಳಿ ಇಂದಿಗೂ ಬೂದು ಕಂಬಗಳಂತೆ ನಿಂತಿವೆ. ಸೀವರ್ಡಿನಲ್ಲಿ ಕ್ಯಾಂಪು ಕಡಲ ದಂಡೆಯ ಮೇಲೆಯೇ ಇದೆ, ನೀರುನಾಯಿಗಳು ಬೆನ್ನ ಮೇಲೆ ತೇಲುವುದು ಕಾಣುತ್ತದೆ. ಆದರೆ ಗಾಡಿಗಳು ಮೆಜೆಸ್ಟಿಕ್ ನಿಲ್ದಾಣದ ಬಸ್ಸುಗಳಂತೆ ಒತ್ತೊತ್ತಾಗಿ ನಿಂತಿದ್ದವು. ಎಕ್ಸಿಟ್ ಹಿಮನದಿಗೆ ಹೋಗುವ ದಾರಿಯಲ್ಲಿ, ಯಾವ ವರ್ಷ ಹಿಮ ಎಲ್ಲಿಯವರೆಗೆ ಇತ್ತೆಂದು ತಿಳಿಸುವ ಇಸವಿಯ ಫಲಕಗಳಿವೆ. ಮಗಳು ತಾನು ಹುಟ್ಟಿದ ವರ್ಷದ ಗುರುತು ಎಲ್ಲಿ ಬರಬಹುದೆಂದು ಅಂದಾಜು ಮಾಡುತ್ತ ನಡೆದಳು.

ಗಾಡಿಯನ್ನು ಒಪ್ಪಿಸುವಾಗ ಮುಂಗಾಜಿನ ಮೇಲೆ ಕಡಲೆಕಾಳಿನಷ್ಟು ಬಿರುಕೊಂದನ್ನು ಪತ್ತೆಹಚ್ಚಿದರು. ಹೆದ್ದಾರಿಯಲ್ಲಿ ಯಾವುದೋ ಲಾರಿಯಿಂದ ಸಿಡಿದ ಕಲ್ಲಿನದಿರಬೇಕು. ನಾವು ಪಡೆದಿದ್ದ ವಿಮೆ ಗಾಜಿಗೆ ಅನ್ವಯಿಸುವುದಿಲ್ಲವೆಂದು ಕರಾರಿನ ಆರನೇ ಪುಟದಲ್ಲಿ ಇತ್ತು. ಠೇವಣಿಯಿಂದ ಹಣ ಮುರಿದುಕೊಂಡರು. ಇಂಗಿನ ವಾಸನೆಗೆ ಶುಚಿಗೊಳಿಸುವ ಶುಲ್ಕ ಹಾಕಬಹುದೆಂದು ಹೆದರಿದ್ದೆ, ಹಾಕಲಿಲ್ಲ.

ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯುವ, ಮನೆಯ ಅಡುಗೆ ಬೇಕೆನ್ನುವ ಕುಟುಂಬಕ್ಕೆ ಈ ಸೇವೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಇಬ್ಬರೇ ಹೋಗುವುದಾದರೆ ಕಾರು ಮತ್ತು ಡೇರೆ ಸಾಕು. ನಾವು ಮತ್ತೆ ಹೋಗುವುದಾದರೆ ಗಾಡಿಯ ಉದ್ದವನ್ನು ಇಪ್ಪತ್ತೆರಡು ಅಡಿಗೆ ಇಳಿಸಿ, ಸೀವರ್ಡಿನ ಭಾಗವನ್ನು ಕೈಬಿಟ್ಟು, ಟೆಕ್ಲಾನಿಕಾದಲ್ಲಿ ಮೂರರ ಬದಲು ಆರು ರಾತ್ರಿ ಕಾದಿರಿಸುತ್ತೇನೆ. ಬಳಸದೇ ಉಳಿದ ಕರಡಿ ಸ್ಪ್ರೇಯ ಡಬ್ಬಿಯನ್ನು ಮಗನೇ ಒಯ್ದು, ಕಚೇರಿಯ ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲಿಯೇ ಇಟ್ಟು ಬಂದ.